ತೀವ್ರ ಅನುಭವ ಮತ್ತು ಏಕತೆಯ ಹುಡುಕಾಟ: ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಟ್ಟ ಹತ್ತಲು, ಮೌನ ಶಿಬಿರದಲ್ಲಿ ಕೂರಲು, ಕಾವೇರಿಯ ಉಗಮಸ್ಥಾನದಲ್ಲಿ ಒಂದು ರಾತ್ರಿ ಕಳೆಯಲು ಕೊಡಗಿಗೆ ಬರುವವರು ಹಲವರು. ಇಲ್ಲಿಯೇ ಹುಟ್ಟಿ, ದೈವದ ವೇಷ ಕಟ್ಟಿ ನಡೆಸುವ ತೆರೆ ಮತ್ತು ಕೋಲಗಳನ್ನು ಬಾಲ್ಯದಿಂದ ನೋಡಿ, ದೊಡ್ಡವರಾದ ಮೇಲೆ ಅವುಗಳ ಅರ್ಥ ಹುಡುಕುವವರೂ ಕಡಿಮೆಯಿಲ್ಲ. ಈ ಇಬ್ಬರ ಪ್ರಶ್ನೆಗಳೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಕೊಡಲಾಗಿದೆ.

ಪ್ರಶ್ನೆ: ‘ತೀವ್ರ ಅನುಭವ’ ಎಂದು ಯಾವುದನ್ನು ಕರೆಯಬೇಕು?

ದೇಹ ಅಥವಾ ಮನಸ್ಸು ತನ್ನ ದಿನನಿತ್ಯದ ಮಿತಿಯನ್ನು ದಾಟಿದಾಗ, ‘ನಾನು’ ಮತ್ತು ‘ಉಳಿದದ್ದು’ ಎಂಬ ಗೆರೆ ಕೆಲಹೊತ್ತು ಅಳಿಸಿಹೋದಂತೆ ತೋರುವ ಅನುಭವವನ್ನು ಇಲ್ಲಿ ಹಾಗೆ ಕರೆದಿದ್ದೇವೆ. ದೀರ್ಘ ಉಪವಾಸ, ನಿದ್ರೆಯಿಲ್ಲದ ರಾತ್ರಿ, ಬೆಂಕಿ, ಅಪಾಯ, ಗಾಢ ಧ್ಯಾನ, ಆಪ್ತರ ಸಾವು ಇವುಗಳಲ್ಲಿ ಯಾವುದೂ ಅದಕ್ಕೆ ನಿಮಿತ್ತವಾಗಬಹುದು. ಯಾವ ನಿಮಿತ್ತವೂ ಇಲ್ಲದೆ ಬರುವುದೂ ಉಂಟು. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1902ರಲ್ಲಿ ಇಂಥ ಅನುಭವಗಳಿಗೆ ನಾಲ್ಕು ಲಕ್ಷಣಗಳನ್ನು ಹೇಳಿದರು: ಅದನ್ನು ಮಾತಿನಲ್ಲಿ ಹಿಡಿಯಲಾಗುವುದಿಲ್ಲ, ಅನುಭವಿಸಿದವರಿಗೆ ಏನೋ ಒಂದು ಸತ್ಯ ತಿಳಿದಂತಾಗುತ್ತದೆ, ಅದು ಬಹುಕಾಲ ನಿಲ್ಲುವುದಿಲ್ಲ, ಮತ್ತು ತಾನಾಗಿ ಒದಗಿ ಬಂದಂತೆ ಇರುತ್ತದೆಯೇ ಹೊರತು ಮಾಡಿದಂತೆ ಇರುವುದಿಲ್ಲ. ನೂರು ವರ್ಷ ದಾಟಿದರೂ ಈ ವರ್ಣನೆ ಹಳೆಯದಾಗಿಲ್ಲ.

ಪ್ರಶ್ನೆ: ಇದಕ್ಕಾಗಿ ಹಿಮಾಲಯಕ್ಕೇ ಹೋಗಬೇಕೇ? ತಡಿಯಂಡಮೋಳ್ ಸಾಕಾಗುವುದಿಲ್ಲವೇ?

ಕೊಡಗಿನ ಅತಿ ಎತ್ತರದ ಶಿಖರ ತಡಿಯಂಡಮೋಳ್ 1,748 ಮೀಟರ್ ಎತ್ತರದಲ್ಲಿದೆ. ಎತ್ತರದಿಂದ ಬರುವ ಕಾಯಿಲೆ ಸಾಮಾನ್ಯವಾಗಿ ತೊಡಗುವುದು ಸುಮಾರು 2,500 ಮೀಟರ್ ದಾಟಿದ ಮೇಲೆ. ಆದ್ದರಿಂದ ತಡಿಯಂಡಮೋಳಿನ ತುದಿಯಲ್ಲಿ ಯಾರಿಗಾದರೂ ತಾನೂ ಶೋಲಾ ಕಾಡೂ ಬೇರೆಯಲ್ಲ ಎನಿಸಿದರೆ ಅದನ್ನು ಆಮ್ಲಜನಕದ ಕೊರತೆಯ ಲೆಕ್ಕಕ್ಕೆ ಹಾಕಲು ಬರುವುದಿಲ್ಲ. ಕಕ್ಕಬ್ಬೆಯ ಕಡೆಯಿಂದ ಹತ್ತಿದವರಿಗೆ ಕೊನೆಯ ಏರು ಗೊತ್ತು: ಮರಗಳು ಮುಗಿದು ಹುಲ್ಲು ಮೊದಲಾಗುತ್ತದೆ, ಮಂಜು ಬಂದು ಮುಂದೆ ಹೋಗುತ್ತಿರುವವರ ಬೆನ್ನೂ ಕಾಣದಂತಾಗುತ್ತದೆ, ಕೇಳಿಸುವುದು ತನ್ನ ಉಸಿರು ಮಾತ್ರ. ಅಷ್ಟರಲ್ಲಿ ಗಾಳಿ ಬೀಸಿ ಕಣಿವೆ ಪೂರ್ತಿ ತೆರೆದುಕೊಂಡಾಗ ಹಲವರು ಮಾತಿಲ್ಲದೆ ಕುಳಿತುಬಿಡುತ್ತಾರೆ.

ಇದಕ್ಕಿಂತ ಬಹಳ ಎತ್ತರದಲ್ಲಿ ನಡೆದದ್ದರ ದಾಖಲೆಗಳು ಬೇರೆ ಬಗೆಯವು. 1933ರಲ್ಲಿ ಎವರೆಸ್ಟಿನ ಮೇಲೆ ಒಂಟಿಯಾಗಿದ್ದ ಫ್ರ್ಯಾಂಕ್ ಸ್ಮೈತ್, ಜೊತೆಯಲ್ಲಿ ಇನ್ನೊಬ್ಬರಿದ್ದಾರೆ ಎಂಬ ಭಾವನೆ ಎಷ್ಟು ಗಟ್ಟಿಯಾಗಿತ್ತೆಂದರೆ ತನ್ನಲ್ಲಿದ್ದ ತಿಂಡಿಯನ್ನು ಮುರಿದು ಆ ಕಾಣದ ಸಂಗಾತಿಗೆ ನೀಡಲು ತಿರುಗಿದ್ದಾಗಿ ಬರೆದಿದ್ದಾರೆ. ಅಲ್ಲಿ ದಣಿವು, ಚಳಿ, ಏಕಾಂತ, ಆಮ್ಲಜನಕದ ಕೊರತೆ ನಾಲ್ಕೂ ಸೇರಿದ್ದವು. ಅನುಭವದ ಬೆಲೆಯನ್ನು ಎತ್ತರದಿಂದ ಅಳೆಯುವುದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಇದೆಲ್ಲ ಮಿದುಳಿನ ಆಟವೇ? ವಿಜ್ಞಾನ ವಿವರಿಸಿದ ಮೇಲೆ ಅನುಭವ ಸುಳ್ಳಾದಂತೆಯೇ?

ಮಿದುಳು ಭಾಗಿಯಾಗದ ಅನುಭವ ಯಾವುದೂ ಇಲ್ಲ. ಕಾಫಿಯ ಪರಿಮಳವೂ ಮಿದುಳಿನ ಮೂಲಕವೇ ತಿಳಿಯುತ್ತದೆ, ಹಾಗೆಂದು ಕಾಫಿ ಸುಳ್ಳಾಗುವುದಿಲ್ಲ. ಆಂಡ್ರ್ಯೂ ನ್ಯೂಬರ್ಗ್ ಮತ್ತು ಅವರ ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಟಿಬೆಟನ್ ಬೌದ್ಧ ಪದ್ಧತಿಯಲ್ಲಿ ಪಳಗಿದ 8 ಮಂದಿ ಧ್ಯಾನಿಗಳ ಮಿದುಳಿನ ರಕ್ತಸಂಚಾರವನ್ನು ಚಿತ್ರಿಸಲಾಗಿತ್ತು. ಏಕಾಗ್ರತೆಗೆ ಸಂಬಂಧಿಸಿದ ಮುಂಭಾಗದಲ್ಲಿ ಚಟುವಟಿಕೆ ಹೆಚ್ಚಿದಂತೆ, ದೇಹ ಎಲ್ಲಿ ಮುಗಿಯುತ್ತದೆ, ಹೊರಗಿನದು ಎಲ್ಲಿ ತೊಡಗುತ್ತದೆ ಎಂಬ ಅರಿವಿಗೆ ನೆರವಾಗುವ ಮೇಲ್ಭಾಗದಲ್ಲಿ ಅದು ಇಳಿಯುವ ಸೂಚನೆ ಅವರಿಗೆ ಕಂಡಿತು. ಎಂಟು ಮಂದಿಯ ಮೇಲೆ ದೊಡ್ಡ ಸಿದ್ಧಾಂತ ಕಟ್ಟುವಂತಿಲ್ಲವಾದರೂ, ಗಡಿ ಅಳಿಸಿಹೋಯಿತು ಎಂದು ಸಾಧಕರು ಹೇಳುವ ಮಾತಿಗೂ ದೇಹದಲ್ಲಿ ನಡೆಯುವುದಕ್ಕೂ ನಂಟಿರಬಹುದೆಂದು ಇದು ತೋರಿಸುತ್ತದೆ. ಆ ಹೊತ್ತಿನಲ್ಲಿ ಕಂಡದ್ದು ಪರಮಸತ್ಯವೇ ಅಲ್ಲವೇ ಎಂಬುದನ್ನು ಯಾವ ಯಂತ್ರವೂ ತೀರ್ಮಾನಿಸಲಾರದು, ಹೌದೆಂದಾಗಲಿ ಅಲ್ಲವೆಂದಾಗಲಿ.

ಆದರೂ ಒಂದು ಎಚ್ಚರಿಕೆ ಅಗತ್ಯ. ಅಪರೂಪಕ್ಕೆ ಕೆಲವು ಬಗೆಯ ಅಪಸ್ಮಾರದಲ್ಲಿಯೂ ಮೂರ್ಛೆಗೆ ಮೊದಲು ಇಂಥದ್ದೇ ಪರಮಾನಂದ ಕಾಣಿಸಿಕೊಳ್ಳುತ್ತದೆ. ಒಂದೇ ಬಗೆಯ ಅನುಭವ ಕೆಲವೇ ಕ್ಷಣಗಳ ಕಾಲ ಮರಳಿ ಮರಳಿ ಬರುತ್ತಿದ್ದು, ಆಮೇಲೆ ಗೊಂದಲ ಅಥವಾ ನೆನಪಿನ ತೊಡಕು ಉಳಿಯುತ್ತಿದ್ದರೆ ನರರೋಗ ತಜ್ಞರನ್ನು ಕಾಣಬೇಕು. ಇದರಿಂದ ಭಕ್ತಿಗೆ ಯಾವ ಅವಮಾನವೂ ಇಲ್ಲ.

ಪ್ರಶ್ನೆ: ಒತ್ತೆಕೋಲದಲ್ಲಿ ಕೆಂಡದ ಮೇಲೆ ಬೀಳುವವರಿಗೆ ಏನಾಗುತ್ತದೆ? ಅದು ಏಕತೆಯ ಅನುಭವವೇ?

ನಮಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ಕೊಡಗು ಮತ್ತು ಸುಳ್ಯದ ಗಡಿಯ ಊರುಗಳಲ್ಲಿ ವಿಷ್ಣುಮೂರ್ತಿ ದೈವದ ಒತ್ತೆಕೋಲ ನಡೆಯುತ್ತದೆ. ಆಳೆತ್ತರಕ್ಕೂ ಮೀರಿ ಪೇರಿಸಿದ ಸೌದೆಗೆ ರಾತ್ರಿ ಬೆಂಕಿ ಕೊಟ್ಟರೆ ಬೆಳಗಿನ ಜಾವದ ಹೊತ್ತಿಗೆ ಅದು ಕೆಂಡದ ರಾಶಿಯಾಗಿರುತ್ತದೆ. ದೈವದ ವೇಷ ಧರಿಸಿದವರು ಎಳೆಯ ತೆಂಗಿನ ಗರಿಯ ಉಡುಗೆಯಲ್ಲಿ ಆ ರಾಶಿಯ ಮೇಲೆ ಮತ್ತೆ ಮತ್ತೆ ಬೀಳುತ್ತಾರೆ. ಪಕ್ಕದಲ್ಲಿ ನಿಂತವರು ಪ್ರತಿ ಸಲವೂ ಅವರನ್ನು ಹಿಡಿದೆಳೆಯುತ್ತಾರೆ. ಹತ್ತಿರ ನಿಂತವರಿಗೆ ಕೆಂಡದ ಝಳಕ್ಕೆ ಮುಖ ತಿರುಗಿಸಬೇಕಾಗುತ್ತದೆ, ಹಸಿ ಗರಿ ಸುಡುವ ವಾಸನೆ ಮೂಗಿಗೆ ಬಡಿಯುತ್ತದೆ, ಚೆಂಡೆಯ ಪೆಟ್ಟು ಎದೆಯೊಳಗೇ ಬಿದ್ದಂತಾಗುತ್ತದೆ. ಕೊಡಗಿನ ಇತರ ಭಾಗಗಳಲ್ಲಿ ನಡೆಯುವ ಕುಟ್ಟಿಚಾತ ಮೊದಲಾದ ತೆರೆಗಳಲ್ಲಿಯೂ ಇರುಳಿಡೀ ವಾದ್ಯ, ಪಂಜಿನ ಬೆಳಕು, ಮುಖವರ್ಣಿಕೆ, ಭಾರವಾದ ವೇಷ ಇವೆಲ್ಲ ಸೇರಿ ಕಟ್ಟಿದವರನ್ನೂ ನೋಡುವವರನ್ನೂ ಬೇರೊಂದು ಸ್ಥಿತಿಗೆ ಒಯ್ಯುತ್ತವೆ.

ಬೂದಿ ಮುಚ್ಚಿದ ಕೆಂಡ ಶಾಖವನ್ನು ನಿಧಾನವಾಗಿ ದಾಟಿಸುತ್ತದೆ, ಸ್ಪರ್ಶ ಅಲ್ಪಕಾಲದ್ದು, ಹಸಿಗರಿ ಮೈಯನ್ನು ಕಾಯುತ್ತದೆ ಎಂಬುದು ಭೌತಿಕ ವಿವರಣೆ. ಅದು ನಿಜ, ಸುಟ್ಟಗಾಯಗಳಾಗುವ ಸಂಭವವಿರುವುದೂ ಅಷ್ಟೇ ನಿಜ. ಭಕ್ತರ ದೃಷ್ಟಿಯಲ್ಲಿ ಆ ಹೊತ್ತು ಅಲ್ಲಿರುವುದು ಮನುಷ್ಯನಲ್ಲ, ದೈವ. ಈ ಎರಡು ಮಾತುಗಳಲ್ಲಿ ಒಂದನ್ನು ಆರಿಸಿ ಇನ್ನೊಂದನ್ನು ಬಿಡಬೇಕೆಂದು ಊರಿನವರು ಕೇಳುವುದಿಲ್ಲ, ನಾವೂ ಕೇಳುವುದಿಲ್ಲ. ನಮಗೆ ಮುಖ್ಯವಾಗಿ ಕಾಣುವುದು ಆ ತೀವ್ರತೆಯ ಸುತ್ತ ಇರುವ ಕಟ್ಟು. ಕಟ್ಟುವವರು ಮೊದಲೇ ವ್ರತ ಹಿಡಿದು ಶುದ್ಧದಲ್ಲಿರುತ್ತಾರೆ. ಆ ಹಕ್ಕು ಮತ್ತು ಹೊಣೆ ಪರಂಪರೆಯಿಂದ ಬಂದ ಕುಟುಂಬಗಳದ್ದು. ಯಾವಾಗ ತೊಡಗಬೇಕು, ಯಾವಾಗ ಮುಗಿಸಬೇಕು, ಯಾರು ಎಳೆಯಬೇಕು ಎಂಬುದೆಲ್ಲ ಗೊತ್ತಾಗಿರುತ್ತದೆ. ಕೊನೆಯಲ್ಲಿ ದೈವ ಊರಿನವರ ದೂರು ದುಮ್ಮಾನ ಕೇಳಿ ಅಭಯ ನೀಡುತ್ತದೆ. ವೇಷ ಕಳಚಿ ಬಣ್ಣ ಒರೆಸಿಕೊಂಡ ಮೇಲೆ ಅದೇ ವ್ಯಕ್ತಿ ತನ್ನ ಮನೆಗೆ, ತನ್ನ ಕೆಲಸಕ್ಕೆ ಮರಳುತ್ತಾನೆ. ಮರುದಿನ ತಾನೇ ದೇವರೆಂದು ಸಾರಿಕೊಂಡು ತಿರುಗುವುದಿಲ್ಲ. ತೀವ್ರ ಅನುಭವಕ್ಕೆ ಹೋಗುವ ದಾರಿಯನ್ನು ಮಾತ್ರವಲ್ಲ, ಮರಳುವ ದಾರಿಯನ್ನೂ ಹಿರಿಯರು ಮಾಡಿಟ್ಟಿದ್ದಾರೆ ಎಂಬುದನ್ನು ಹೊಸ ಸಾಧಕರು ಗಮನವಿಟ್ಟು ನೋಡಬೇಕು.

ದಯವಿಟ್ಟು ಇದನ್ನು ಮನೆಯ ಹಿತ್ತಲಿನಲ್ಲೋ, ಯಾವುದೋ ಶಿಬಿರದಲ್ಲೋ ಅನುಕರಿಸಬೇಡಿ.

ಪ್ರಶ್ನೆ: ನಾನು ಬೆಂಕಿಯ ಬಳಿಯೂ ಹೋಗಲಿಲ್ಲ, ದೂರ ನಿಂತು ನೋಡಿದೆ. ಆದರೂ ಮೈ ನಡುಗಿತು, ಅತ್ತುಬಿಟ್ಟೆ. ಏಕೆ?

ಸ್ಪೇನಿನ ಸ್ಯಾನ್ ಪೆಡ್ರೋ ಮಾನ್ರಿಕೆ ಎಂಬ ಹಳ್ಳಿಯಲ್ಲಿಯೂ ವರ್ಷಕ್ಕೊಮ್ಮೆ ಕೆಂಡ ಹಾಯುವ ಆಚರಣೆಯಿದೆ. ಅಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕೆಂಡ ಹಾಯುವವರಿಗೂ ನೋಡುವವರಿಗೂ ಹೃದಯಬಡಿತ ಅಳೆಯುವ ಸಾಧನ ಕಟ್ಟಲಾಗಿತ್ತು. ಹಾಯುವವರ ಬಡಿತದ ಏರಿಳಿತವೂ, ಸುಮ್ಮನೆ ಕುಳಿತು ನೋಡುತ್ತಿದ್ದ ಅವರ ಬಂಧುಮಿತ್ರರ ಬಡಿತದ ಏರಿಳಿತವೂ ಒಂದಕ್ಕೊಂದು ಹೊಂದಿಕೊಂಡಿದ್ದವು. ಸಂಬಂಧವಿಲ್ಲದ ಪ್ರೇಕ್ಷಕರಲ್ಲಿ ಹಾಗೆ ಕಾಣಲಿಲ್ಲ. ನೀವು ಅತ್ತದ್ದು ದೌರ್ಬಲ್ಯವಲ್ಲ. ಆ ಊರು, ಆ ದೈವ, ಕೆಂಡದ ಮುಂದೆ ನಿಂತ ಆ ಮನುಷ್ಯ ನಿಮಗೆ ಸೇರಿದವರು ಎಂಬುದನ್ನು ನಿಮ್ಮ ದೇಹ ನಿಮಗಿಂತ ಮೊದಲೇ ಒಪ್ಪಿಕೊಂಡಿದೆ.

ಪ್ರಶ್ನೆ: ಎಲ್ಲ ಧರ್ಮಗಳೂ ಕೊನೆಗೆ ಇದೇ ಏಕತೆಯನ್ನು ಹೇಳುತ್ತವೆ ಅಲ್ಲವೇ?

ಅಲ್ಲ. ಹಾಗೆ ಹೇಳುವುದು ಸೌಜನ್ಯದಂತೆ ಕಂಡರೂ ಪರಂಪರೆಗಳಿಗೆ ಅನ್ಯಾಯ ಮಾಡುತ್ತದೆ. ಆತ್ಮವೂ ಬ್ರಹ್ಮವೂ ಬೇರೆಯಲ್ಲ ಎಂದು ಅದ್ವೈತ ಹೇಳಿದರೆ, ನಮ್ಮ ಕರಾವಳಿಯಲ್ಲಿಯೇ ಹುಟ್ಟಿದ ಮಧ್ವಾಚಾರ್ಯರು ಜೀವನಿಗೂ ಈಶ್ವರನಿಗೂ, ಜೀವಜೀವಗಳಿಗೂ ಇರುವ ಭೇದ ನಿಜವಾದದ್ದೆಂದು ಪ್ರತಿಪಾದಿಸಿದರು. ಶರಣರ ಷಟ್‌ಸ್ಥಲದಲ್ಲಿ ಭಕ್ತಸ್ಥಲದಿಂದ ಹೊರಟು ಆರನೆಯದಾದ ಐಕ್ಯಸ್ಥಲಕ್ಕೆ ತಲುಪುವ ದಾರಿಯಿದೆ. ಆ ದಾರಿಯಲ್ಲಿ ಕಾಯಕ ಮತ್ತು ದಾಸೋಹಗಳನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಕುಶಾಲನಗರದ ಆಚೆ ಬೈಲಕುಪ್ಪೆಯಲ್ಲಿ 1963ರಲ್ಲಿ ನೆಲೆಗೊಂಡ ನಾಮ್‌ಡ್ರೋಲಿಂಗ್ ಮಠ ಞಿಂಗ್ಮಾ ಪರಂಪರೆಗೆ ಸೇರಿದ್ದು. ಅಲ್ಲಿಯ ಭಿಕ್ಷುಗಳನ್ನು ಕೇಳಿದರೆ, ಒಂದಾಗಲು ಮೊದಲು ಸ್ಥಿರವಾದ ‘ನಾನು’ ಎಂಬುದೇ ಸಿಗುವುದಿಲ್ಲ ಎಂಬ ಬೌದ್ಧ ವಿಚಾರದಿಂದಲೇ ಮಾತು ತೊಡಗಬಹುದು. ನಾಪೋಕ್ಲು ಸಮೀಪದ ಎಮ್ಮೆಮಾಡಿನ ದರ್ಗಾಕ್ಕೆ ಎಲ್ಲ ಜಾತಿಮತದವರೂ ಹೋಗುತ್ತಾರೆ. ಸೂಫಿಗಳು ಹೇಳುವ ‘ಫನಾ’ದಲ್ಲಿ ಅಹಂಕಾರ ಅಳಿಯುತ್ತದೆಯೇ ಹೊರತು ಸೃಷ್ಟಿಕರ್ತನೂ ಸೃಷ್ಟಿಯೂ ಒಂದೇ ಎಂದು ಎಲ್ಲ ಸೂಫಿಗಳೂ ಒಪ್ಪುವುದಿಲ್ಲ.

ಅನುಭವ ಒಂದೇ ಬಗೆಯದಾಗಿದ್ದರೂ ಅದನ್ನು ಯಾವ ತಿಳಿವಳಿಕೆಯಲ್ಲಿ ಇರಿಸಿ ನೋಡುತ್ತೇವೆ ಎಂಬುದು ಮುಂದಿನ ಬದುಕನ್ನು ಬದಲಿಸುತ್ತದೆ. ಆದ್ದರಿಂದ ಯಾವುದಾದರೂ ಒಂದು ಪರಂಪರೆಯನ್ನು ಸರಿಯಾಗಿ ಓದಿ, ಅದರ ಹಿರಿಯರ ಜೊತೆ ಮಾತಾಡುವುದು ಹತ್ತು ಕಡೆಯಿಂದ ಹೆಕ್ಕಿದ ಮಾತುಗಳಿಗಿಂತ ಹೆಚ್ಚು ಉಪಯುಕ್ತ.

ಪ್ರಶ್ನೆ: ಮಾಂತ್ರಿಕ ಅಣಬೆ, ಗಾಂಜಾ ಇವುಗಳಿಂದ ಬೇಗ ಆಗುತ್ತದೆಯಂತೆ?

ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಅಣಬೆಯ ಸೈಲೋಸಿಬಿನ್ ಎಂಬ ಅಂಶವನ್ನು 36 ಮಂದಿ ಸ್ವಯಂಸೇವಕರಿಗೆ ಕೊಟ್ಟು ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಸುಮಾರು ಮೂರನೇ ಎರಡು ಭಾಗದಷ್ಟು ಜನ ಅದನ್ನು ತಮ್ಮ ಬದುಕಿನ ಐದು ಅತ್ಯಂತ ಅರ್ಥಪೂರ್ಣ ಅನುಭವಗಳಲ್ಲಿ ಒಂದೆಂದು ಹೇಳಿದ್ದು ಎಲ್ಲ ಕಡೆ ಪ್ರಚಾರವಾಗಿದೆ. ಅದೇ ಅಧ್ಯಯನದಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಜನ ಆ ಹೊತ್ತಿನಲ್ಲಿ ತೀವ್ರ ಭಯವನ್ನೂ ಅನುಭವಿಸಿದರು ಎಂಬುದನ್ನು ಮಾರುವವರು ಹೇಳುವುದಿಲ್ಲ. ಅಲ್ಲಿ ಮೊದಲೇ ಆರೋಗ್ಯ ತಪಾಸಣೆ ನಡೆದಿತ್ತು, ಪ್ರಮಾಣ ಅಳತೆಯದ್ದಾಗಿತ್ತು, ದಿನವಿಡೀ ಪಕ್ಕದಲ್ಲಿ ತರಬೇತಾದವರು ಕುಳಿತಿದ್ದರು. ಹೋಂಸ್ಟೇ ಕೋಣೆಯಲ್ಲಿ ಅಪರಿಚಿತರು ಕೊಟ್ಟ ಪೊಟ್ಟಣಕ್ಕೂ ಅದಕ್ಕೂ ಯಾವ ಹೋಲಿಕೆಯೂ ಇಲ್ಲ.

ಭಾರತದಲ್ಲಿ 1985ರ ಮಾದಕದ್ರವ್ಯ ಕಾಯ್ದೆಯ ಪ್ರಕಾರ ಸೈಲೋಸಿಬಿನ್ ಮತ್ತು ಗಾಂಜಾ ಹೊಂದಿರುವುದೂ ಸೇವಿಸುವುದೂ ಅಪರಾಧ. ಮಳೆಗಾಲದಲ್ಲಿ ಅಣಬೆ ಆರಿಸಿ ಸಾರು ಮಾಡುವುದು ಕೊಡಗಿನ ಮನೆಮನೆಯ ರೂಢಿ; ಆದರೆ ಹಾಗೆ ಆರಿಸುವ ಹಿರಿಯರು ತಮಗೆ ಗೊತ್ತಿಲ್ಲದ ಅಣಬೆಯನ್ನು ಮುಟ್ಟುವುದಿಲ್ಲ. ಕೆಲವು ಕಾಡಣಬೆಗಳ ವಿಷ ಯಕೃತ್ತನ್ನು ಕೆಡಿಸಿ ಕೊಲ್ಲುತ್ತದೆ, ಮತ್ತು ಅದರ ಲಕ್ಷಣಗಳು ಕಾಣುವಷ್ಟರಲ್ಲಿ ತಡವಾಗಿರುತ್ತದೆ. ಮನೆತನದಲ್ಲಿ ಚಿತ್ತವಿಕಲತೆಯ ಇತಿಹಾಸವಿರುವವರಿಗೆ ಇವೆಲ್ಲ ಇನ್ನೂ ಅಪಾಯಕಾರಿ. ನಮ್ಮ ಉತ್ತರ ಸ್ಪಷ್ಟ: ಬೇಡ.

ಪ್ರಶ್ನೆ: ವೇಗದ ಉಸಿರಾಟದ ಶಿಬಿರಗಳು ಸುರಕ್ಷಿತವೇ?

ಬಹಳ ಹೊತ್ತು ಜೋರಾಗಿ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಮಿದುಳಿನ ರಕ್ತನಾಳಗಳು ಸಂಕುಚಿಸುತ್ತವೆ, ಬೆರಳುಗಳು ಜುಮ್ಮೆಂದು ಸೆಟೆದುಕೊಳ್ಳುತ್ತವೆ. ತಲೆ ಹಗುರಾಗುವುದಕ್ಕೂ ದೃಶ್ಯಗಳು ಕಾಣುವುದಕ್ಕೂ ಇದು ಕಾರಣವಾಗಬಹುದು. ಅಪಸ್ಮಾರ, ಹೃದ್ರೋಗ, ಏರಿದ ರಕ್ತದೊತ್ತಡ ಇರುವವರೂ ಗರ್ಭಿಣಿಯರೂ ಇದರಿಂದ ದೂರ ಇರಬೇಕು. ಆರೋಗ್ಯದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದೆ ಸೇರಿಸಿಕೊಳ್ಳುವ ಶಿಬಿರಕ್ಕೆ ಹೋಗಬೇಡಿ.

ಪ್ರಶ್ನೆ: ಸಾವಿನ ಅಂಚಿಗೆ ಹೋಗಿ ಬಂದವರು ಏಕೆ ಬದಲಾಗುತ್ತಾರೆ?

ನೆದರ್‌ಲ್ಯಾಂಡಿನ ಹೃದ್ರೋಗ ತಜ್ಞ ಪಿಮ್ ವಾನ್ ಲೊಮೆಲ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೃದಯಸ್ತಂಭನದಿಂದ ಬದುಕುಳಿದ 344 ಮಂದಿಯ ಪೈಕಿ 62 ಮಂದಿ ಬೆಳಕು, ಶಾಂತಿ, ದೇಹದಿಂದ ಹೊರಬಂದ ಭಾವ ಮುಂತಾದವನ್ನು ಹೇಳಿಕೊಂಡರು. ಉಳಿದವರಿಗೆ, ಅಂದರೆ ಹೆಚ್ಚಿನವರಿಗೆ, ಅಂಥ ನೆನಪೇನೂ ಇರಲಿಲ್ಲ ಎಂಬುದನ್ನೂ ಮರೆಯಬಾರದು.

ಈ ಪ್ರಶ್ನೆಯನ್ನು ಕೊಡಗಿನವರು ಕೇಳುವಾಗ 2018ರ ಆಗಸ್ಟ್ ಅವರ ಮನಸ್ಸಿನಲ್ಲಿರುತ್ತದೆ. ಮಕ್ಕಂದೂರು, ಕಾಲೂರು, ಜೋಡುಪಾಲ ಭಾಗಗಳಲ್ಲಿ ಗುಡ್ಡಗಳು ಕುಸಿದು ಮನೆ ತೋಟಗಳು ಕೊಚ್ಚಿಹೋದಾಗ, ಜಾತಿ ಮತ ಕೇಳದೆ ಜನ ಒಬ್ಬರನ್ನೊಬ್ಬರು ಹೊತ್ತು ತಂದರು, ಪರಿಹಾರ ಕೇಂದ್ರಗಳಲ್ಲಿ ಒಂದೇ ಪಂಕ್ತಿಯಲ್ಲಿ ಉಂಡರು. ಆ ದಿನಗಳಲ್ಲಿ ಕಂಡಷ್ಟು ಒಗ್ಗಟ್ಟನ್ನು ಮುಂದೆ ಕಾಣಲಿಲ್ಲ ಎಂದು ಹೇಳುವವರಿದ್ದಾರೆ. ಅದು ನಿಜವಾದ ಏಕತೆಯ ಅನುಭವವೇ. ಆದರೆ ಅದೇ ಮಳೆ ಕೆಲವರಲ್ಲಿ, ಜೂನ್ ಬಂದರೆ ನಿದ್ದೆ ಬಾರದಂಥ ಭಯವನ್ನೂ ಉಳಿಸಿದೆ. ವಿಪತ್ತನ್ನು ಆಧ್ಯಾತ್ಮಿಕ ಪಾಠವೆಂದು ಅನುಭವಿಸಿದವರು ಹೇಳಿಕೊಂಡರೆ ಗೌರವದಿಂದ ಕೇಳೋಣ. ಹೊರಗಿನವರು ಅವರಿಗೆ ಹಾಗೆಂದು ಬೋಧಿಸುವುದು ಕ್ರೌರ್ಯವಾಗುತ್ತದೆ.

ಪ್ರಶ್ನೆ: ಮೌನ ಶಿಬಿರದ ನಡುವೆ ವಿಪರೀತ ಹೆದರಿಕೆಯಾದರೆ, ‘ನಾನೇ ಇಲ್ಲ’ ಎನಿಸಿ ಕಂಗಾಲಾದರೆ ಏನು ಮಾಡಬೇಕು?

ಅಭ್ಯಾಸ ನಿಲ್ಲಿಸಿ. ಇನ್ನೂ ಗಟ್ಟಿಯಾಗಿ ಕುಳಿತರೆ ದಾಟಿಬಿಡುತ್ತೀರಿ ಎಂದು ಯಾರು ಹೇಳಿದರೂ ಆ ಹೊತ್ತಿನಲ್ಲಿ ಕೇಳಬೇಡಿ. ಹೊಟ್ಟೆ ತುಂಬ ಬಿಸಿ ಊಟ ಮಾಡಿ, ನಿದ್ದೆ ಮಾಡಿ, ಬರಿಗಾಲಿನಲ್ಲಿ ಅಂಗಳದಲ್ಲಿ ನಡೆದಾಡಿ, ಪರಿಚಯದವರ ಜೊತೆ ಸಾಮಾನ್ಯ ಸಂಗತಿಗಳನ್ನು ಮಾತಾಡಿ. ಗಾಢ ಧ್ಯಾನದಲ್ಲಿ ಇಂಥ ಕಷ್ಟಗಳು ಬರುತ್ತವೆಂದು ಹಳೆಯ ಗುರುಗಳಿಗೆ ಗೊತ್ತಿತ್ತು, ಈಗಿನ ಸಂಶೋಧಕರೂ ಒಪ್ಪುತ್ತಾರೆ. ಅಮೆರಿಕದ ಮನೋವೈದ್ಯರ ಸಂಘ 1994ರ ತನ್ನ ಕೈಪಿಡಿಯಲ್ಲಿಯೇ, ಧಾರ್ಮಿಕ ಅಥವಾ ಆಧ್ಯಾತ್ಮಿಕ ತೊಡಕನ್ನು ರೋಗವೆಂದು ಕರೆಯದೆ ಗಮನ ಕೊಡಬೇಕಾದ ಸ್ಥಿತಿಯೆಂದು ಪ್ರತ್ಯೇಕವಾಗಿ ಸೇರಿಸಿತು.

ಹಲವು ರಾತ್ರಿ ನಿದ್ದೆಯೇ ಬಾರದಿದ್ದರೆ, ಇಲ್ಲದ ದನಿಗಳು ಆಜ್ಞೆ ಮಾಡುತ್ತಿದ್ದರೆ, ತಾನು ಅವತಾರವೆಂಬ ನಂಬಿಕೆ ಬಲಿಯುತ್ತಿದ್ದರೆ, ಸಾಯುವ ಯೋಚನೆ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು.

ಪ್ರಶ್ನೆ: ಎಷ್ಟೋ ವರ್ಷದಿಂದ ಪೂಜೆ, ಜಪ ಮಾಡುತ್ತಿದ್ದೇನೆ. ನನಗೆ ಇಂಥ ಅನುಭವ ಒಮ್ಮೆಯೂ ಆಗಿಲ್ಲ. ನನ್ನಲ್ಲಿ ಕೊರತೆಯಿದೆಯೇ?

ಇಲ್ಲ. ಶ್ರೀರಾಮಕೃಷ್ಣರ ಜೀವನಚರಿತ್ರೆ ಬರೆದ ಫ್ರಾನ್ಸಿನ ರೊಮೇ ರೋಲಾ, ಧರ್ಮದ ಮೂಲದಲ್ಲಿ ಸಾಗರದಂಥ ಒಂದು ಅಪಾರ ಭಾವವಿದೆ ಎಂದು 1927ರಲ್ಲಿ ಸಿಗ್ಮಂಡ್ ಫ್ರಾಯ್ಡರಿಗೆ ಪತ್ರ ಬರೆದರು. ಆ ಭಾವ ತನ್ನೊಳಗೆ ತನಗೆ ಕಾಣುತ್ತಿಲ್ಲ ಎಂದು ಫ್ರಾಯ್ಡ್ ನೇರವಾಗಿ ಒಪ್ಪಿಕೊಂಡರು. ಮನುಷ್ಯರ ಪ್ರಕೃತಿ ಬೇರೆ ಬೇರೆ.

ತುಲಾ ಸಂಕ್ರಮಣದ ದಿನ ತಲಕಾವೇರಿಯಲ್ಲಿ ಕುಂಡಿಕೆಯಿಂದ, ಅಂದರೆ ಉಗಮಸ್ಥಾನದ ಪುಟ್ಟ ಕೊಳದಿಂದ, ತೀರ್ಥ ಉಕ್ಕುವ ಹೊತ್ತಿಗಾಗಿ ಸಾವಿರಾರು ಜನ ಕಾದಿರುತ್ತಾರೆ. ಅವರಲ್ಲಿ ಮೈಮರೆಯುವವರು ಕೆಲವರು ಮಾತ್ರ. ಉಳಿದವರು ಬಾಟಲಿಗೆ, ಬಿಂದಿಗೆಗೆ ತೀರ್ಥ ತುಂಬಿಕೊಂಡು, ಚೆಲ್ಲದಂತೆ ಹಿಡಿದುಕೊಂಡು ಬಸ್ಸು ಹತ್ತಿ, ಬರಲಾಗದ ಅಜ್ಜಿಗೆ, ನೆರೆಮನೆಯವರಿಗೆ ಹಂಚುತ್ತಾರೆ. ಕೊಡವರ ಮನೆಗಳಲ್ಲಿ ಹೆಂಗಸರು ರೇಷ್ಮೆ ಬಟ್ಟೆ, ಒಡವೆ, ಹೂವಿನಿಂದ ಅಲಂಕರಿಸಿದ ಕಣಿಯನ್ನೇ (ತೆಂಗಿನಕಾಯಿ ಅಥವಾ ಸೌತೆಕಾಯಿ) ಕಾವೇರಮ್ಮನೆಂದು ಪೂಜಿಸುತ್ತಾರೆ. ಐನ್‌ಮನೆಯ, ಅಂದರೆ ಕುಲದ ಮೂಲಮನೆಯ, ನೆಲ್ಲಕ್ಕಿ ನಡುಬಾಡೆ ಎಂಬ ನಡುಮನೆಯಲ್ಲಿ ಕುಲದ ಪೂರ್ವಜರಾದ ಗುರುಕಾರಣರನ್ನು ನೆನೆದು ಸಂಜೆ ದೀಪ ಹಚ್ಚುವವರಿಗೆ ದಿವ್ಯದರ್ಶನವೇನೂ ಆಗುತ್ತಿರಲಾರದು. ಆದರೆ ಹಿಂದೆ ಬಾಳಿದವರು, ಈಗಿರುವವರು, ಈ ಮಣ್ಣು ಎಲ್ಲ ಒಂದೇ ಬಳ್ಳಿಯೆಂಬ ನಂಬಿಕೆ ಅವರ ಕೈಯ ಅಭ್ಯಾಸವೇ ಆಗಿಬಿಟ್ಟಿರುತ್ತದೆ. ಇದನ್ನು ಕಡಿಮೆ ದರ್ಜೆಯ ಆಧ್ಯಾತ್ಮವೆಂದು ಎಣಿಸುವವರ ಜೊತೆ ನಮಗೆ ಸಹಮತವಿಲ್ಲ.

ಪ್ರಶ್ನೆ: ಒಮ್ಮೆ ಆಯಿತು, ಮತ್ತೆ ಬರಲೇ ಇಲ್ಲ. ಹೇಗೆ ಮರಳಿ ಪಡೆಯುವುದು?

ಬೆನ್ನಟ್ಟಿದರೆ ಸಾಮಾನ್ಯವಾಗಿ ಸಿಗುವುದು ಹೆಚ್ಚು ಉಪವಾಸ, ಹೆಚ್ಚು ಅಪಾಯ, ಹೆಚ್ಚು ಖರ್ಚು, ಅಷ್ಟೇ. ಆಗಿದ್ದನ್ನು ಬರೆದಿಡಿ, ನಂಬಿಕೆಯ ಒಬ್ಬರಿಗೆ ಹೇಳಿ. ಅದರಿಂದ ನಿಮ್ಮ ಸಿಟ್ಟು ಇಳಿದಿದೆಯೇ, ತೋಟದ ಕೆಲಸದವರ ಜೊತೆ ಮಾತಾಡುವ ರೀತಿ ಬದಲಾಗಿದೆಯೇ, ಆಸ್ತಿಯ ವ್ಯಾಜ್ಯದಲ್ಲಿ ಅಣ್ಣತಮ್ಮಂದಿರನ್ನು ನೋಡುವ ಕಣ್ಣು ಮೆತ್ತಗಾಗಿದೆಯೇ ಎಂದು ಗಮನಿಸಿ. ಎಲ್ಲರೊಡನೆ ಒಂದಾದೆ ಎಂದು ಹೇಳುವವರು ಲೈನ್‌ಮನೆಯಲ್ಲಿರುವ ಕಾರ್ಮಿಕರ ಸೋರುವ ಸೂರನ್ನು ಕಾಣದೇ ಹೋದರೆ, ಆ ಅನುಭವ ಇನ್ನೂ ತನ್ನ ಕೆಲಸವನ್ನು ಮಾಡಿಲ್ಲ ಎಂದೇ ನಾವು ತಿಳಿಯುತ್ತೇವೆ.

ಪ್ರಶ್ನೆ: ಒಳ್ಳೆಯ ಗುರುವನ್ನು ಗುರುತಿಸುವುದು ಹೇಗೆ?

ಪ್ರಶ್ನೆ ಕೇಳಿದಾಗ ಸಿಟ್ಟಾಗದವರು, ಮನೆಯವರಿಂದ ನಿಮ್ಮನ್ನು ದೂರ ಮಾಡದವರು, ಹಣದ ಲೆಕ್ಕ ಬಿಚ್ಚಿಡುವವರು, ಔಷಧಿ ನಿಲ್ಲಿಸೆಂದು ಹೇಳದವರು, ದೇಹವನ್ನು ಮುಟ್ಟುವ ಹಕ್ಕು ತಮಗಿದೆಯೆಂದು ಭಾವಿಸದವರು. ಇವುಗಳಲ್ಲಿ ಒಂದು ತಪ್ಪಿದರೂ ಹೊರಟುಬಿಡಿ.

ಪ್ರಶ್ನೆ: ಅನುಭವವಾದ ಮೇಲೆ ಕೆಲಸ, ಸಂಸಾರ ಎಲ್ಲ ಬಿಟ್ಟು ಹೋಗಬೇಕೆನಿಸಿದೆ. ಏನು ಮಾಡಲಿ?

1896ರಲ್ಲಿ ಮದುರೆಯ ಮನೆಯೊಂದರಲ್ಲಿ 16 ವರ್ಷದ ವೆಂಕಟರಾಮನ್‌ಗೆ ಸಾವಿನ ಭಯ ಆವರಿಸಿ, ಸಾಯುವುದು ದೇಹ ಮಾತ್ರ ಎಂಬ ಅರಿವು ಮೂಡಿತು. ಕೆಲವೇ ವಾರಗಳಲ್ಲಿ ಆತ ತಿರುವಣ್ಣಾಮಲೈಗೆ ಹೊರಟುಹೋದ, ಮುಂದೆ ಲೋಕ ಆತನನ್ನು ರಮಣ ಮಹರ್ಷಿಗಳೆಂದು ಕರೆಯಿತು. ಈ ಉದಾಹರಣೆಯನ್ನು ಬಹಳ ಮಂದಿ ಮುಂದಿಡುತ್ತಾರೆ. ಆತನಿಗೆ ಹೆಂಡತಿ ಮಕ್ಕಳಿರಲಿಲ್ಲ, ಸಾಲವಿರಲಿಲ್ಲ, ಆತನನ್ನೇ ನಂಬಿಕೊಂಡ ತೋಟವಿರಲಿಲ್ಲ ಎಂಬುದನ್ನೂ ಸೇರಿಸಿ ಹೇಳಬೇಕು.

ಅನುಭವದ ಬಿಸಿ ಆರುವವರೆಗೆ, ಕಡೇಪಕ್ಷ ಒಂದು ಮಳೆಗಾಲ ಮುಗಿಯುವವರೆಗೆ, ರಾಜೀನಾಮೆ, ವಿಚ್ಛೇದನ, ಆಸ್ತಿ ಮಾರಾಟ, ದೊಡ್ಡ ದಾನ ಇವುಗಳಲ್ಲಿ ಯಾವುದನ್ನೂ ಮಾಡಬೇಡಿ. ಬಯಕೆ ಆಮೇಲೂ ಉಳಿದರೆ ಮನೆಯವರೊಡನೆ ಕುಳಿತು ಮಾತಾಡಿ, ಪೊನ್ನಂಪೇಟೆಯ ರಾಮಕೃಷ್ಣ ಶಾರದಾಶ್ರಮದಂಥ ಸ್ಥಳಕ್ಕೆ ಹೋಗಿ ಹಿರಿಯ ಸ್ವಾಮೀಜಿಯವರ ಸಲಹೆ ಕೇಳಿ. ಸನ್ಯಾಸಿಯಾಗಬೇಕೆಂದು ಬರುವ ಅವಿವಾಹಿತ ಯುವಕರನ್ನೂ ಆ ಸಂಘ ಹಲವು ವರ್ಷ ಬ್ರಹ್ಮಚಾರಿಗಳಾಗಿ ಇರಿಸಿಕೊಂಡು, ಅಡುಗೆಮನೆ, ಕಚೇರಿ, ಆಸ್ಪತ್ರೆಯ ಕೆಲಸಗಳಲ್ಲಿ ತೊಡಗಿಸಿ, ಆಮೇಲಷ್ಟೇ ಸನ್ಯಾಸ ಕೊಡುತ್ತದೆ.